ಮೋಸೆಸ್ ಮೆಂಡೆಲ್ಸೋನ್: ಅಪ್ಪನ ಹೆಸರನ್ನೇ ಮನೆತನದ ಹೆಸರಾಗಿಸಿಕೊಂಡ ದಾರ್ಶನಿಕ

ಸಿನಿಮಾದಲ್ಲಿ ಚರ್ಚ್ ಮದುವೆಯ ದೃಶ್ಯ ಬಂತೆಂದರೆ ಅದರ ಬೆನ್ನಿಗೇ ಒಂದು ಸಂಗೀತ ಕೇಳಿಬರುತ್ತದೆ. ಕಹಳೆಗಳಿಂದ ಶುರುವಾಗುವ ಆ ‘ವೆಡ್ಡಿಂಗ್ ಮಾರ್ಚ್’ ಅನ್ನು ಪಾಶ್ಚಾತ್ಯ ಸಂಗೀತದ ಗಂಧಗಾಳಿ ಇಲ್ಲದವರೂ ಗುರುತಿಸಬಲ್ಲರು. ಅದನ್ನು ರಚಿಸಿದವರು ಜರ್ಮನಿಯ ಫೆಲಿಕ್ಸ್ ಮೆಂಡೆಲ್ಸೋನ್. ಆದರೆ ಫೆಲಿಕ್ಸ್ ಅವರ ತಂದೆಯ ಮಾತು ನಡೆದಿದ್ದರೆ ಆ ಸಂಗೀತದ ಜತೆ ಇಂದು ಮೆಂಡೆಲ್ಸೋನ್ ಎಂಬ ಹೆಸರು ಇರುತ್ತಲೇ ಇರಲಿಲ್ಲ. ಆ ಹೆಸರನ್ನು ಕೈಬಿಡು ಎಂದು ತಂದೆ ಮಗನಿಗೆ ಪತ್ರ ಬರೆದು ಒತ್ತಾಯಿಸಿದ್ದರು.

ಹಾಗಾದರೆ ಆ ಹೆಸರಿನಲ್ಲಿ ಅಂಥದ್ದೇನಿತ್ತು? ಅದು ಬಂದದ್ದಾದರೂ ಎಲ್ಲಿಂದ? ಉತ್ತರ ಬೇಕಿದ್ದರೆ ಫೆಲಿಕ್ಸ್ ಅವರ ಅಜ್ಜ, 18ನೇ ಶತಮಾನದ ಯಹೂದಿ ದಾರ್ಶನಿಕ ಮೋಸೆಸ್ ಮೆಂಡೆಲ್ಸೋನ್ ಅವರ ಬದುಕನ್ನು ನೋಡಬೇಕು. ಹುಟ್ಟಿದಾಗ ಅವರಿಗೆ ಆ ಹೆಸರು ಇರಲಿಲ್ಲ. ಅದು ಅವರೇ ಮಾಡಿಕೊಂಡ ಹೆಸರು.

ಬಡ ಲಿಪಿಕಾರನ ಮಗ

ಮೋಸೆಸ್ ಹುಟ್ಟಿದ್ದು 1729ರ ಸೆಪ್ಟೆಂಬರ್ 6ರಂದು, ಡೆಸ್ಸೌ ಎಂಬ ಪುಟ್ಟ ಪಟ್ಟಣದಲ್ಲಿ. ಜರ್ಮನಿ ಎಂಬ ಒಂದು ದೇಶ ಆಗಿನ್ನೂ ಇರಲಿಲ್ಲ. ಜರ್ಮನ್ ಮಾತಾಡುವ ನೂರಾರು ಸಣ್ಣ ದೊಡ್ಡ ಸಂಸ್ಥಾನಗಳಿದ್ದವು. ಅಂಥ ಒಂದು ಸಣ್ಣ ಸಂಸ್ಥಾನದ ರಾಜಧಾನಿ ಡೆಸ್ಸೌ. ತಂದೆ ಮೆಂಡೆಲ್, ಯಹೂದಿಗಳ ಧರ್ಮಗ್ರಂಥವಾದ ತೋರಾವನ್ನು ಚರ್ಮದ ಸುರುಳಿಯ ಮೇಲೆ ಕೈಯಿಂದ ಬರೆಯುವ ಲಿಪಿಕಾರ. ಒಂದು ಅಕ್ಷರವೂ ತಪ್ಪಬಾರದ ಕೆಲಸ ಅದು. ಗೌರವವೇನೋ ಇತ್ತು, ಹೊಟ್ಟೆ ತುಂಬುವಷ್ಟು ಸಂಪಾದನೆ ಇರಲಿಲ್ಲ. ತಾಯಿಯ ಹೆಸರು ಬೇಲಾ ರಾಖೆಲ್ ಸಾರಾ.

ಅಂದಿನ ಯಹೂದಿಗಳಲ್ಲಿ ಹೆಚ್ಚಿನವರಿಗೆ ಖಾಯಂ ಅಡ್ಡಹೆಸರು ಇರಲಿಲ್ಲ. ಮಗನ ಹೆಸರಿನ ಜತೆಗೆ ತಂದೆಯ ಹೆಸರು ಹೇಳುತ್ತಿದ್ದರು. ಬೇರೆ ಊರಿಗೆ ಹೋದರೆ ಹುಟ್ಟಿದೂರಿನ ಹೆಸರು ಸೇರಿಕೊಳ್ಳುತ್ತಿತ್ತು. ಊರಿನ ಹೆಸರು, ತಂದೆಯ ಹೆಸರು ಸೇರಿಸಿ ಇನಿಷಿಯಲ್ ಬರೆಯುವ ನಮ್ಮ ರೂಢಿ ಗೊತ್ತಿದ್ದವರಿಗೆ ಇದು ಹೊಸದಲ್ಲ. ಹೀಬ್ರೂ ಭಾಷೆಯಲ್ಲಿ ‘ಬೆನ್’ ಎಂದರೆ ಮಗ. ಹಾಗಾಗಿ ಈ ಹುಡುಗ ಮೋಶೆ ಬೆನ್ ಮೆಂಡೆಲ್, ಅಂದರೆ ಮೆಂಡೆಲ್‌ನ ಮಗ ಮೋಶೆ. ಊರಾಚೆ ಆತ ಡೆಸ್ಸೌದ ಮೋಶೆ. ತಲೆಮಾರು ಬದಲಾದರೆ ಹೆಸರಿನ ಎರಡನೇ ಭಾಗವೂ ಬದಲಾಗುತ್ತಿತ್ತು. ಮೋಶೆಯ ಮಗ ಮತ್ತೆ ಮೆಂಡೆಲ್ ಎಂಬ ಹೆಸರನ್ನು ಹೊರಬೇಕಾದ ಪ್ರಮೇಯವೇ ಇರಲಿಲ್ಲ.

ಹುಡುಗ ಓದಿನಲ್ಲಿ ಚುರುಕು. ಊರಿನ ಧರ್ಮಗುರು ಡೇವಿಡ್ ಫ್ರೆಂಕೆಲ್ ಆತನನ್ನು ಕೈಹಿಡಿದು ಕಲಿಸಿದರು. ಬೈಬಲ್ ಮತ್ತು ತಾಲ್ಮುದ್ ಮುಗಿಸಿ, 12ನೇ ಶತಮಾನದ ಯಹೂದಿ ತತ್ತ್ವಜ್ಞಾನಿ ಮೈಮೊನಿಡಿಸ್ ಬರೆದ ಕಠಿಣ ಗ್ರಂಥಕ್ಕೂ ಆತ ಕೈಹಾಕಿದ. ಎಳೆಯ ವಯಸ್ಸಿನಲ್ಲೇ ಬೆನ್ನುಮೂಳೆ ಬಾಗಿ ಗೂನಾಯಿತು. ಮಾತಾಡುವಾಗ ತೊದಲುತ್ತಿದ್ದ. ಇವೆರಡೂ ಕೊನೆಯವರೆಗೆ ಜತೆಗಿದ್ದವು.

ಬರ್ಲಿನ್‌ನ ಬಾಗಿಲು

1743ರಲ್ಲಿ ಗುರು ಫ್ರೆಂಕೆಲ್ ಅವರಿಗೆ ಪ್ರಷ್ಯಾ ರಾಜ್ಯದ ರಾಜಧಾನಿ ಬರ್ಲಿನ್‌ನಲ್ಲಿ ಮುಖ್ಯ ಧರ್ಮಗುರುವಿನ ಸ್ಥಾನ ಸಿಕ್ಕಿತು. 14 ವರ್ಷದ ಮೋಸೆಸ್ ಗುರುವನ್ನು ಹುಡುಕಿಕೊಂಡು ಹೊರಟ. ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿಯನ್ನು ನಡೆದೇ ಕ್ರಮಿಸಿದ. ಡೆಸ್ಸೌದಿಂದ ಬರುವವರಿಗೆ ಬರ್ಲಿನ್ ಕೋಟೆಯ ದಕ್ಷಿಣದ ಬಾಗಿಲು ಹತ್ತಿರ. ಆದರೆ ಯಹೂದಿಗಳು ಒಳಬರಬೇಕಾದದ್ದು ಉತ್ತರದ ರೋಸೆಂಥಾಲ್ ಬಾಗಿಲಿನಿಂದ. ಜಾನುವಾರುಗಳನ್ನು ಹೊಡೆದುಕೊಂಡು ಬರುತ್ತಿದ್ದದ್ದೂ ಅಲ್ಲಿಂದಲೇ. ಆ ದಿನ ಬಾಗಿಲ ಕಾವಲುಗಾರ ಎತ್ತು, ಹಂದಿಗಳ ಲೆಕ್ಕದ ಕೆಳಗೇ ಒಬ್ಬ ಯಹೂದಿಯ ಲೆಕ್ಕವನ್ನೂ ಬರೆದಿಟ್ಟ ಎಂಬ ಕಥೆ ಇದೆ. ಅದು ಆಮೇಲೆ ಹುಟ್ಟಿದ ದಂತಕಥೆ ಇರಬಹುದು. ಆದರೆ ಯಹೂದಿಗಳನ್ನು ಕಾಣುತ್ತಿದ್ದ ರೀತಿ ಆ ಕಥೆಗಿಂತ ಬಹಳ ದೂರವೇನೂ ಇರಲಿಲ್ಲ.

ಬರ್ಲಿನ್‌ನಲ್ಲಿ ಯಹೂದಿಯೊಬ್ಬ ವಾಸಿಸಬೇಕಿದ್ದರೆ ರಾಜನ ಅನುಮತಿ ಬೇಕು. ಅನುಮತಿ ಇದ್ದವರ ಮನೆಯ ಕೆಲಸಗಾರ ಅಥವಾ ಶಿಕ್ಷಕನಾಗಿದ್ದರೆ ಉಳಿಯಬಹುದು, ಕೆಲಸ ಹೋದರೆ ಊರೂ ಹೋದಂತೆ. ಮೋಸೆಸ್ ಒಂದು ಮನೆಯ ಅಟ್ಟದ ಕೋಣೆಯಲ್ಲಿ ಉಳಿದುಕೊಂಡ. ಗುರುವಿನ ಹಸ್ತಪ್ರತಿಗಳನ್ನು ನಕಲು ಮಾಡಿ ನಾಲ್ಕು ಕಾಸು ಗಳಿಸುತ್ತಿದ್ದ.

ಅದೇ ಅಟ್ಟದ ದಿನಗಳಲ್ಲಿ ಆತ ತನ್ನಷ್ಟಕ್ಕೆ ತಾನೇ ಹೊಸ ಲೋಕವೊಂದನ್ನು ಕಟ್ಟಿಕೊಂಡ. ಮನೆಮಾತು ಯಿಡ್ಡಿಷ್, ಓದಿನ ಭಾಷೆ ಹೀಬ್ರೂ. ಈಗ ಶುದ್ಧ ಜರ್ಮನ್ ಕಲಿತ. ಇಸ್ರೇಲ್ ಝಾಮೋಶ್ ಎಂಬ ವಿದ್ವಾಂಸರಿಂದ ಗಣಿತ, ಒಬ್ಬ ಯುವ ವೈದ್ಯರಿಂದ ಲ್ಯಾಟಿನ್, ಆರನ್ ಗುಂಪರ್ಟ್ಸ್ ಎಂಬ ಸ್ನೇಹಿತರಿಂದ ಫ್ರೆಂಚ್ ಮತ್ತು ಇಂಗ್ಲಿಷ್ ಕಲಿತ. ಇಂಗ್ಲಿಷ್ ದಾರ್ಶನಿಕ ಜಾನ್ ಲಾಕ್ ಅವರ ಗ್ರಂಥದ ಲ್ಯಾಟಿನ್ ಅನುವಾದವನ್ನು ಮುಂದಿಟ್ಟುಕೊಂಡು, ಪ್ರತಿ ಪದಕ್ಕೂ ನಿಘಂಟು ತೆರೆದು, ವಾಕ್ಯ ವಾಕ್ಯವಾಗಿ ಅರಗಿಸಿಕೊಂಡ. ಯಾವ ವಿಶ್ವವಿದ್ಯಾಲಯದ ಮೆಟ್ಟಿಲನ್ನೂ ಆತ ಹತ್ತಲಿಲ್ಲ.

1750ರಲ್ಲಿ ಇಸಾಕ್ ಬರ್ನಾರ್ಡ್ ಎಂಬ ರೇಷ್ಮೆ ಉದ್ಯಮಿ ತನ್ನ ಮಕ್ಕಳಿಗೆ ಪಾಠ ಹೇಳಲು ಮೋಸೆಸ್‌ನನ್ನು ನೇಮಿಸಿಕೊಂಡರು. ನಾಲ್ಕು ವರ್ಷದ ಬಳಿಕ ಅದೇ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿತು. ಮುಂದೆ ವ್ಯವಸ್ಥಾಪಕ, ಮಾಲೀಕರು ತೀರಿಕೊಂಡ ಮೇಲೆ ಪಾಲುದಾರ. ಯುರೋಪಿನ ದೊಡ್ಡ ದಾರ್ಶನಿಕರಲ್ಲಿ ಒಬ್ಬರೆನಿಸಿಕೊಂಡ ಈ ವ್ಯಕ್ತಿ ಕೊನೆಯವರೆಗೂ ಬದುಕು ಸಾಗಿಸಿದ್ದು ರೇಷ್ಮೆಯ ಲೆಕ್ಕಪುಸ್ತಕದ ಮೇಲೆ. ಬರಹಕ್ಕೆ ಸಿಗುತ್ತಿದ್ದದ್ದು ಕೆಲಸದ ಮುಂಚಿನ ಮತ್ತು ನಂತರದ ಹೊತ್ತು ಮಾತ್ರ.

ಒಂದೇ ವರ್ಷ ಹುಟ್ಟಿದ ಗೆಳೆಯರು

1754ರಲ್ಲಿ ಅವರಿಗೆ ನಾಟಕಕಾರ ಗಾಟ್‌ಹೋಲ್ಡ್ ಎಫ್ರಾಯಿಮ್ ಲೆಸ್ಸಿಂಗ್ ಅವರ ಪರಿಚಯವಾಯಿತು. ಇಬ್ಬರೂ 1729ರಲ್ಲೇ ಹುಟ್ಟಿದವರು. ಭೇಟಿ ಆದದ್ದು ಚದುರಂಗದ ಮಣೆಯ ಮುಂದೆ ಎಂದು ಹೇಳುತ್ತಾರೆ. ಲೆಸ್ಸಿಂಗ್ ಕ್ರೈಸ್ತ ಪಾದ್ರಿಯ ಮಗ. ಯಹೂದಿಯೊಬ್ಬ ಸಜ್ಜನನಾಗಿರಬಹುದು ಎಂದು ತೋರಿಸುವ ನಾಟಕವೊಂದನ್ನು ಅವರು ಮೊದಲೇ ಬರೆದಿದ್ದರು. ಅಂಥ ಯಹೂದಿ ಇರಲು ಸಾಧ್ಯವೇ ಇಲ್ಲ ಎಂದು ವಿಮರ್ಶಕರು ಮೂಗು ಮುರಿದಿದ್ದರು. ಈಗ ಅಂಥ ಯಹೂದಿ ಎದುರಿಗೇ ಕುಳಿತು ಚದುರಂಗ ಆಡುತ್ತಿದ್ದ.

ಮೋಸೆಸ್ ಬರೆದ ತಾತ್ವಿಕ ಸಂವಾದಗಳ ಹಸ್ತಪ್ರತಿಯನ್ನು ಓದಲು ಪಡೆದ ಲೆಸ್ಸಿಂಗ್ ಅದನ್ನು ಹಿಂತಿರುಗಿಸಿದ್ದು ಅಚ್ಚಾದ ಪುಸ್ತಕದ ರೂಪದಲ್ಲಿ. ಗೆಳೆಯನಿಗೆ ಹೇಳದೆ 1755ರಲ್ಲಿ ಮುದ್ರಿಸಿಬಿಟ್ಟಿದ್ದರು! ಮೇಲೆ ಲೇಖಕರ ಹೆಸರೂ ಇರಲಿಲ್ಲ.

ಹೆಸರಿನ ಪ್ರಶ್ನೆ ಬಂದದ್ದೇ ಈ ವಲಯದಲ್ಲಿ. ಬರ್ಲಿನ್‌ನ ಸಾಹಿತಿ ಗೆಳೆಯರು ಅವರನ್ನು ಹೆರ್ ಮೋಸೆಸ್, ಅಂದರೆ ಮೋಸೆಸ್ ಸಾಹೇಬರು ಎನ್ನುತ್ತಿದ್ದರು. ಹೀಬ್ರೂವಿನಲ್ಲಿ ಅವರು ಡೆಸ್ಸೌದ ಮೋಶೆ ಎಂದೇ ಸಹಿ ಹಾಕುತ್ತಿದ್ದರು. ಜರ್ಮನ್ ಓದುಗರ ಮುಂದೆ ಮಾತ್ರ ಮೋಶೆ ಬೆನ್ ಮೆಂಡೆಲ್ ಎಂಬುದನ್ನು ಅಕ್ಷರಶಃ ಜರ್ಮನ್‌ಗೆ ತಂದರು. ‘ಬೆನ್’ ಜಾಗಕ್ಕೆ ‘ಸೋನ್’ ಬಂತು. ಅದಕ್ಕೂ ಅರ್ಥ ಮಗ ಎಂದೇ. ನಡುವೆ ಷಷ್ಠಿ ವಿಭಕ್ತಿಯ ‘ಸ್’ ಸೇರಿತು. ಮೆಂಡೆಲ್‌ನ ಮಗ ಎಂಬುದು ಮೆಂಡೆಲ್ಸೋನ್ ಆಯಿತು. ಮೂಲ ಕಾಗುಣಿತದಲ್ಲಿ ಎರಡು ‘ಎಸ್’ ಇರುವುದು ಈ ಕಾರಣಕ್ಕೆ.

ನೋಡಲು ಇದು ಸಣ್ಣ ಬದಲಾವಣೆ. ಅಪ್ಪನ ಹೆಸರು ಹಾಗೆಯೇ ಇದೆ, ಅರ್ಥವೂ ಅದೇ. ಬದಲಾದದ್ದು ಭಾಷೆ ಮಾತ್ರ. ಆದರೆ ಅವರ ಮಗನೇ ಮುಂದೆ ಬರೆದಂತೆ, ಓದು ಬರಹ ಬಲ್ಲ ಜರ್ಮನ್ ಸಮಾಜದ ಒಳಗೆ ಕಾಲಿಡಲು ಹಳೆಯ ಹೆಸರು ಅಡ್ಡಿಯಾಗುತ್ತದೆ ಎಂದು ಮೋಸೆಸ್‌ಗೆ ಅನಿಸಿತ್ತು. ಹೊಸ ಹೆಸರು ಅವರನ್ನು ಯಹೂದಿ ಕೇರಿಯ ಆಚೆಗೆ ಕರೆದೊಯ್ದಿತು. ಹಾಗೆಂದು ಕೇರಿಯನ್ನು ಅವರು ಬಿಡಲಿಲ್ಲ. ಸಬ್ಬತ್ ಆಚರಣೆ, ಆಹಾರ ನಿಯಮ, ಪ್ರಾರ್ಥನೆ ಯಾವುದನ್ನೂ ತಪ್ಪಿಸಲಿಲ್ಲ. ಒಂದು ಕೈಯಲ್ಲಿ ಡೆಸ್ಸೌದ ಮೋಶೆ, ಇನ್ನೊಂದು ಕೈಯಲ್ಲಿ ಮೋಸೆಸ್ ಮೆಂಡೆಲ್ಸೋನ್. ಎರಡನ್ನೂ ಒಟ್ಟಿಗೆ ಹಿಡಿದುಕೊಂಡೇ ಬದುಕಿದರು.

ಫ್ರೋಮೆಟ್ ಬಂದರು

1762ರಲ್ಲಿ ಹ್ಯಾಂಬರ್ಗ್‌ನ ಫ್ರೋಮೆಟ್ ಗುಗ್ಗೆನ್‌ಹೈಮ್ ಅವರೊಂದಿಗೆ ಮದುವೆಯಾಯಿತು. ಹಿರಿಯರು ಕುದುರಿಸಿದ ಸಂಬಂಧವಲ್ಲ, ಇಬ್ಬರೂ ಮೆಚ್ಚಿ ಆದ ಮದುವೆ. ನಿಶ್ಚಿತಾರ್ಥವಾದ ಮೇಲೆ ಮದುವೆಯವರೆಗೆ ಅವರು ಬರೆದ ಪತ್ರಗಳು ಇಂದಿಗೂ ಉಳಿದಿವೆ. ಗೂನು ಬೆನ್ನಿನ ವರನನ್ನು ಕಂಡು ಹುಡುಗಿ ಹಿಂಜರಿದಳು, ಹುಟ್ಟುವ ಮುಂಚೆಯೇ ಸ್ವರ್ಗದಲ್ಲಿ ತನ್ನ ವಧುವಿಗೆ ಗೂನು ಬರೆದಿದ್ದರು, ಅದನ್ನು ತನಗೆ ಕೊಡು ಎಂದು ದೇವರನ್ನು ಬೇಡಿಕೊಂಡೆ ಎಂದು ಹೇಳಿ ಮೋಸೆಸ್ ಅವಳ ಮನ ಗೆದ್ದರು ಎಂಬ ಕಥೆಯೂ ಪ್ರಚಲಿತ. ಕಟ್ಟುಕಥೆಯಾದರೂ ಯಹೂದಿ ಮನೆಗಳಲ್ಲಿ ತಲೆಮಾರುಗಳಿಂದ ಹೇಳಿಕೊಂಡು ಬಂದದ್ದು. ಈ ದಂಪತಿಗೆ ಹುಟ್ಟಿದ ಹತ್ತು ಮಕ್ಕಳಲ್ಲಿ ಬದುಕಿ ಬೆಳೆದವರು ಆರು ಮಂದಿ.

ಮರುವರ್ಷ, 1763ರಲ್ಲಿ, ಪ್ರಷ್ಯಾದ ವಿಜ್ಞಾನ ಅಕಾಡೆಮಿ ಪ್ರಬಂಧ ಸ್ಪರ್ಧೆಯೊಂದನ್ನು ನಡೆಸಿತು. ಗಣಿತದ ಸತ್ಯಗಳಷ್ಟೇ ಖಚಿತವಾಗಿ ತತ್ತ್ವಶಾಸ್ತ್ರದ ಸತ್ಯಗಳನ್ನೂ ಸಾಧಿಸಲು ಬರುತ್ತದೆಯೇ ಎಂಬುದು ವಿಷಯ. ಮೊದಲ ಬಹುಮಾನ ಮೆಂಡೆಲ್ಸೋನ್ ಅವರಿಗೆ. ಎರಡನೇ ಸ್ಥಾನದಲ್ಲಿದ್ದವರು ಇಮ್ಯಾನುಯೆಲ್ ಕಾಂಟ್! ಅದೇ ವರ್ಷ, ಹಿತೈಷಿಯೊಬ್ಬರ ಶಿಫಾರಸಿನ ಮೇಲೆ, ಫ್ರೆಡ್ರಿಕ್ ದೊರೆ ಬರ್ಲಿನ್‌ನಲ್ಲಿ ವಾಸಿಸುವ ಹಕ್ಕನ್ನು ಅವರಿಗೆ ಕೊಟ್ಟರು. ಕೆಲಸ ಹೋದರೆ ಊರು ಬಿಡಬೇಕೆಂಬ ಭಯ 20 ವರ್ಷಗಳ ಬಳಿಕ ತೀರಿತು. ಆದರೆ ಆ ಹಕ್ಕು ಅವರೊಬ್ಬರಿಗೆ ಮಾತ್ರ. ಮಕ್ಕಳಿಗೂ ಕೊಡಬೇಕೆಂಬ ಕೋರಿಕೆ ಫ್ರೆಡ್ರಿಕ್ ದೊರೆ ಇರುವವರೆಗೆ ಈಡೇರಲಿಲ್ಲ.

ಕೀರ್ತಿ ಮತ್ತು ಕಲ್ಲು

1767ರಲ್ಲಿ ಪ್ರಕಟವಾದ ‘ಫೆಡೋನ್’ ಅವರನ್ನು ಯುರೋಪಿನುದ್ದಕ್ಕೂ ಪರಿಚಯಿಸಿತು. ಸಾಯುವ ಮುನ್ನ ಸಾಕ್ರೆಟಿಸ್ ಆತ್ಮದ ಅಮರತ್ವದ ಬಗ್ಗೆ ಶಿಷ್ಯರೊಂದಿಗೆ ನಡೆಸಿದ ಚರ್ಚೆಯನ್ನು ಪ್ಲೇಟೊ ಬರೆದಿದ್ದಾನಲ್ಲ, ಅದನ್ನೇ ತಮ್ಮ ಕಾಲದ ತರ್ಕಕ್ಕೆ ಹೊಂದಿಸಿ ಸರಳ ಜರ್ಮನ್‌ನಲ್ಲಿ ಬರೆದ ಕೃತಿ ಇದು. ಹಲವು ಭಾಷೆಗಳಿಗೆ ಅನುವಾದವಾಯಿತು. ಜನ ಅವರನ್ನು ಜರ್ಮನ್ ಸಾಕ್ರೆಟಿಸ್ ಎಂದು ಕರೆಯತೊಡಗಿದರು. ಬರ್ಲಿನ್‌ಗೆ ಬಂದ ವಿದ್ವಾಂಸರು ಅವರ ಮನೆಗೆ ಹೋಗದೆ ಮರಳುತ್ತಿರಲಿಲ್ಲ.

ಕೀರ್ತಿಯ ಬೆನ್ನಿಗೆ ಇಕ್ಕಟ್ಟೂ ಬಂತು. 1769ರಲ್ಲಿ ಜ್ಯೂರಿಕ್‌ನ ಪಾದ್ರಿ ಲಾವಾಟರ್ ಕ್ರೈಸ್ತ ಧರ್ಮವನ್ನು ಸಮರ್ಥಿಸುವ ಪುಸ್ತಕವೊಂದನ್ನು ಅನುವಾದಿಸಿ ಮೆಂಡೆಲ್ಸೋನ್ ಅವರಿಗೆ ಅರ್ಪಿಸಿದರು. ಇದನ್ನು ಬಹಿರಂಗವಾಗಿ ಖಂಡಿಸಬೇಕು, ಆಗದಿದ್ದರೆ ಕ್ರೈಸ್ತರಾಗಬೇಕು ಎಂಬುದು ಅದರ ಸವಾಲು. ಖಂಡಿಸಿದರೆ ರಾಜ್ಯದ ಧರ್ಮಕ್ಕೆ ಅಪಚಾರ, ಸುಮ್ಮನಿದ್ದರೆ ಸೋತಂತೆ. ಮೆಂಡೆಲ್ಸೋನ್ ಮೂರನೇ ದಾರಿ ಹಿಡಿದರು. ತಮ್ಮ ಧರ್ಮವನ್ನು ಯೋಚಿಸಿಯೇ ಒಪ್ಪಿಕೊಂಡಿರುವುದಾಗಿಯೂ, ಇತರರನ್ನು ಮತಾಂತರಿಸುವುದು ಯಹೂದಿ ಧರ್ಮದ ಕೆಲಸವಲ್ಲವೆಂದೂ ವಿನಯದಿಂದ ಉತ್ತರಿಸಿದರು. ವಾದ ಗೆದ್ದರೂ ಆರೋಗ್ಯ ಕುಸಿಯಿತು. 1771ರಲ್ಲಿ ಕಾಣಿಸಿಕೊಂಡ ನರದೌರ್ಬಲ್ಯದಿಂದ ಬಹಳ ಕಾಲ ಓದು ಬರಹ ಎರಡೂ ನಿಂತವು. ಅದೇ ಸುಮಾರಿಗೆ ಅಕಾಡೆಮಿ ಅವರನ್ನು ಸದಸ್ಯರನ್ನಾಗಿ ಆರಿಸಿತು. ದೊರೆ ಮಂಜೂರು ಮಾಡಲಿಲ್ಲ.

ಯುರೋಪ್ ಕೊಂಡಾಡಿದ ಈ ದಾರ್ಶನಿಕರು ಬೇರೆ ಸಂಸ್ಥಾನಕ್ಕೆ ಪ್ರಯಾಣ ಹೋದರೆ ಯಹೂದಿಗಳಿಗೆ ವಿಧಿಸುತ್ತಿದ್ದ ತಲೆಸುಂಕ ಕಟ್ಟಲೇಬೇಕಿತ್ತು. ಸರಕಿಗೋ ದನಕ್ಕೋ ಕಟ್ಟುವ ಸುಂಕದಂಥದ್ದೇ ಅದು. ಸಂಜೆ ಹೆಂಡತಿ ಮಕ್ಕಳೊಂದಿಗೆ ಬರ್ಲಿನ್ ಬೀದಿಯಲ್ಲಿ ತಿರುಗಾಡಲು ಹೋದರೆ ಪುಂಡ ಹುಡುಗರು ಕಲ್ಲು ತೂರುತ್ತಿದ್ದರು. ಇದೇಕೆ ಹೀಗೆ, ನಾವೇನು ಮಾಡಿದ್ದೇವೆ ಎಂದು ಮಕ್ಕಳು ಕೇಳಿದಾಗ ಉತ್ತರ ಹೇಳಲಾಗದೆ ನೊಂದದ್ದನ್ನು ಅವರು 1780ರ ಒಂದು ಪತ್ರದಲ್ಲಿ ತೋಡಿಕೊಂಡಿದ್ದಾರೆ.

ತಮಗೆ ಸಿಕ್ಕ ಹೆಸರನ್ನು ಅವರು ಇತರರ ಕಷ್ಟಕ್ಕೆ ಬಳಸಿದರು. 1775ರಲ್ಲಿ ಸ್ವಿಟ್ಜರ್ಲೆಂಡ್‌ನ ಯಹೂದಿಗಳ ಮೇಲೆ ಹೊಸ ನಿರ್ಬಂಧಗಳು ಬರಲಿದ್ದಾಗ ಅವರು ನೆರವು ಕೇಳಿ ಪತ್ರ ಬರೆದದ್ದು ಯಾರಿಗೆ ಗೊತ್ತೇ? ಹಿಂದೆ ಸವಾಲು ಹಾಕಿ ಕಾಡಿದ್ದ ಅದೇ ಲಾವಾಟರ್‌ಗೆ. ಲಾವಾಟರ್ ಮುಂದೆ ನಿಂತು ಸಹಾಯ ಮಾಡಿದರು. ಎರಡು ವರ್ಷದ ನಂತರ ತೆರಿಗೆ ಕಟ್ಟಲಾಗದ ಬಡ ಯಹೂದಿಗಳನ್ನು ಡ್ರೆಸ್ಡೆನ್‌ನಿಂದ ಹೊರದಬ್ಬಲು ಹೊರಟಾಗಲೂ ಮೆಂಡೆಲ್ಸೋನ್ ಅವರ ಒಂದು ಪತ್ರ ಕೆಲಸ ಮಾಡಿತು.

ಎರಡು ಭಾಷೆಯ ಬೈಬಲ್

1780ರಿಂದ 1783ರ ನಡುವೆ ಅವರು ಬೈಬಲಿನ ಮೊದಲ ಐದು ಪುಸ್ತಕಗಳ ಜರ್ಮನ್ ಅನುವಾದವನ್ನು ಪ್ರಕಟಿಸಿದರು. ಭಾಷೆ ಶುದ್ಧ ಜರ್ಮನ್, ಅಕ್ಷರ ಹೀಬ್ರೂ. ಹೀಬ್ರೂ ಲಿಪಿ ಮಾತ್ರ ಬಲ್ಲ ಯಹೂದಿ ಹುಡುಗರು ತಮಗೆ ಗೊತ್ತಿರುವ ಗ್ರಂಥದ ಮೂಲಕವೇ ಜರ್ಮನ್ ಕಲಿಯಲಿ ಎಂಬ ಉಪಾಯ. ಹೆಸರಿನ ವಿಷಯದಲ್ಲಿ ತಾವು ಮಾಡಿದ್ದನ್ನೇ ಇಲ್ಲಿ ಒಂದು ಸಮುದಾಯಕ್ಕಾಗಿ ಮಾಡಿದರು. ಪ್ರಾಗ್‌ನ ಧರ್ಮಗುರು ಎಜೆಕಿಯೆಲ್ ಲಾಂಡೌ ಅವರಂಥ ಹಿರಿಯರಿಗೆ ಇದು ಹಿಡಿಸಲಿಲ್ಲ. ಧರ್ಮಗ್ರಂಥ ಜರ್ಮನ್ ಕಲಿಸುವ ಬಾಲಬೋಧೆಯಾಗಿಬಿಡುತ್ತದೆ, ಹುಡುಗರು ಜರ್ಮನ್ ಕಲಿತು ತೋರಾ ಮರೆಯುತ್ತಾರೆ ಎಂಬುದು ಅವರ ಆತಂಕ. ಮುಂದೆ ನಡೆದದ್ದನ್ನು ನೋಡಿದರೆ ಆ ಆತಂಕವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ.

1783ರಲ್ಲೇ ಬಂದ ‘ಜೆರುಸಲೇಮ್’ ಅವರ ಮುಖ್ಯ ಕೃತಿ. ಜನರ ನಂಬಿಕೆಯನ್ನು ಬಲವಂತವಾಗಿ ನಿಯಂತ್ರಿಸುವ ಹಕ್ಕು ಸರ್ಕಾರಕ್ಕೂ ಇಲ್ಲ, ಚರ್ಚಿಗೂ ಇಲ್ಲ, ಯಹೂದಿ ಧರ್ಮಗುರುಗಳಿಗೂ ಇಲ್ಲ ಎಂಬುದು ಅದರ ತಿರುಳು. ಬಹಿಷ್ಕಾರ ಹಾಕುವ ಅಧಿಕಾರವನ್ನು ತಮ್ಮ ಸಮುದಾಯದ ಗುರುಗಳೂ ಬಿಟ್ಟುಕೊಡಬೇಕು ಎಂದರು.

ಭಾರತೀಯ ಓದುಗರಿಗೆ ಕುತೂಹಲ ಹುಟ್ಟಿಸುವ ಭಾಗವೂ ಅದರಲ್ಲಿದೆ. ಬಂಗಾಳದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯಾಗಿದ್ದ ಹಾಲ್‌ವೆಲ್ ಹಿಂದೂಗಳ ಬಗ್ಗೆ ಬರೆದದ್ದನ್ನು ಮೆಂಡೆಲ್ಸೋನ್ ಓದಿಕೊಂಡಿದ್ದರು. ಅದನ್ನು ಮುಂದಿಟ್ಟು ಅವರು ಯುರೋಪಿನವರಿಗೆ ಎಚ್ಚರಿಕೆ ಹೇಳುತ್ತಾರೆ. ಪರಿಚಯವಿಲ್ಲದ ಜನರ ಸಂಕೇತಗಳನ್ನು ನಮ್ಮ ಕಣ್ಣಿನಿಂದಲೇ ಅಳೆದರೆ, ಅವರಿಗೆ ಬರಹದಂತಿರುವುದನ್ನು ನಾವು ವಿಗ್ರಹಾರಾಧನೆ ಎಂದು ಜರೆಯುವ ಅಪಾಯವಿದೆ ಎಂಬುದು ಅವರ ವಾದ. ತಾವೇ ತಪ್ಪು ತಿಳಿವಳಿಕೆಗೆ ಗುರಿಯಾಗಿದ್ದ ಸಮುದಾಯದವರು ಅವರು. ಎಂದೂ ಕಾಣದ ಜನರ ಪರವಾಗಿ ಆ ಮಾತನ್ನು ಹೇಳಿದರು.

1779ರಲ್ಲಿ ಲೆಸ್ಸಿಂಗ್ ಬರೆದ ‘ನಾಥಾನ್ ದ ವೈಸ್’ ನಾಟಕದ ವಿವೇಕಿ ಯಹೂದಿ ವರ್ತಕನಿಗೆ ಮೆಂಡೆಲ್ಸೋನ್ ಅವರೇ ಮಾದರಿ ಎಂದು ಓದುಗರು ಗುರುತಿಸಿದರು. ಲೆಸ್ಸಿಂಗ್ 1781ರಲ್ಲಿ ತೀರಿಕೊಂಡರು. ಗತಿಸಿದ ಗೆಳೆಯನ ನಂಬಿಕೆಗಳ ಬಗ್ಗೆ ಎದ್ದ ವಿವಾದದಲ್ಲಿ ಅವರ ಪರವಾಗಿ ಬರೆಯುವುದೇ ಮೆಂಡೆಲ್ಸೋನ್ ಅವರ ಕೊನೆಯ ಕೆಲಸವಾಯಿತು. 1786ರ ಜನವರಿ 4ರಂದು, 56ನೇ ವಯಸ್ಸಿನಲ್ಲಿ ಅವರು ಕಣ್ಮುಚ್ಚಿದರು. ಸಮಾಧಿಯ ಕಲ್ಲಿನ ಮೇಲೆ ಹೀಬ್ರೂ ಅಕ್ಷರಗಳಲ್ಲಿ ಕೆತ್ತಿದ್ದು ಡೆಸ್ಸೌದ ಮೋಶೆ ಎಂಬ ಹಳೆಯ ಹೆಸರನ್ನು.

ಕಾನೂನು ಕೊಟ್ಟ ಅಡ್ಡಹೆಸರುಗಳು

ಮೋಸೆಸ್ ಸ್ವಂತ ಇಚ್ಛೆಯಿಂದ ಮಾಡಿದ್ದನ್ನು ಅವರು ಹೋದ ಮರುವರ್ಷದಿಂದ ಸರ್ಕಾರಗಳು ಕಡ್ಡಾಯ ಮಾಡತೊಡಗಿದವು. 1787ರಲ್ಲಿ ಆಸ್ಟ್ರಿಯಾದ ಚಕ್ರವರ್ತಿ ಎರಡನೇ ಜೋಸೆಫ್ ತಮ್ಮ ರಾಜ್ಯದ ಯಹೂದಿಗಳೆಲ್ಲ ಖಾಯಂ ಜರ್ಮನ್ ಅಡ್ಡಹೆಸರು ಇಟ್ಟುಕೊಳ್ಳಬೇಕೆಂದು ಆಜ್ಞೆ ಹೊರಡಿಸಿದರು. 1808ರಲ್ಲಿ ನೆಪೋಲಿಯನ್ ಅಂಥದ್ದೇ ಆದೇಶ ಮಾಡಿದರು. 1812ರಲ್ಲಿ ಪ್ರಷ್ಯಾ ಯಹೂದಿಗಳಿಗೆ ಪೌರತ್ವ ಕೊಟ್ಟಾಗ ಖಾಯಂ ಹೆಸರು ಅದರ ಷರತ್ತುಗಳಲ್ಲಿ ಒಂದಾಗಿತ್ತು. ತೆರಿಗೆ ವಸೂಲಿಗೆ, ಸೈನ್ಯಕ್ಕೆ ಸೇರಿಸಿಕೊಳ್ಳಲು, ದಾಖಲೆ ಇಡಲು ಸರ್ಕಾರಕ್ಕೆ ತಲೆಮಾರಿನಿಂದ ತಲೆಮಾರಿಗೆ ಬದಲಾಗದ ಹೆಸರು ಬೇಕಿತ್ತು.

ಜನ ತಮಗೆ ತೋಚಿದ ಹೆಸರು ಆರಿಸಿಕೊಂಡರು. ಓಪ್ಪೆನ್‌ಹೈಮ್ ಊರಿನವರು ಓಪ್ಪೆನ್‌ಹೈಮರ್ ಎಂಬಂತೆ ಊರಿನಿಂದ ಬಂದ ಹೆಸರುಗಳು ಮೊದಲಿನಿಂದಲೂ ಇದ್ದವು. ಫ್ರಾಂಕ್‌ಫರ್ಟ್‌ನ ಯಹೂದಿ ಬೀದಿಯಲ್ಲಿ ಕೆಂಪು ಫಲಕವಿದ್ದ ಮನೆಯವರು ರಾತ್‌ಶೀಲ್ಡ್ ಎನಿಸಿಕೊಂಡದ್ದೂ ಹಳೆಯ ಕಥೆ. ಗೋಲ್ಡ್‌ಶ್ಮಿಟ್ ಎಂದರೆ ಅಕ್ಕಸಾಲಿಗ. ರೋಸೆಂಥಾಲ್, ಗೋಲ್ಡ್‌ಬರ್ಗ್‌ನಂಥವು ಗುಲಾಬಿ ಕಣಿವೆ, ಬಂಗಾರದ ಬೆಟ್ಟ ಎಂದು ಕಿವಿಗೆ ಇಂಪಾಗಲೆಂದು ಕಟ್ಟಿದ ಹೆಸರುಗಳು. ತಂದೆಯ ಹೆಸರಿಗೆ ‘ಸೋನ್’ ಸೇರಿಸಿದ ಯಾಕೋಬ್‌ಸೋನ್, ಅಬ್ರಾಮ್‌ಸೋನ್‌ಗಳ ಸಾಲಿಗೆ ಮೆಂಡೆಲ್ಸೋನ್ ಸೇರುತ್ತದೆ.

ಮೆಂಡೆಲ್ ಎಂಬುದು ಹೀಬ್ರೂವಿನ ಮೆನಾಖೆಮ್ ಎಂಬ ಹೆಸರಿಗೆ ಯಿಡ್ಡಿಷ್‌ನಲ್ಲಿ ಅಂಟಿಕೊಂಡ ಮುದ್ದಿನ ರೂಪ. ಸಾಂತ್ವನ ನೀಡುವವನು ಎಂದು ಅರ್ಥ. ಪೂರ್ವ ಯುರೋಪಿನ ಯಹೂದಿಗಳಲ್ಲಿ ಮೆಂಡೆಲ್ ಹೆಸರಿನವರು ಊರಿಗೊಬ್ಬರಾದರೂ ಇರುತ್ತಿದ್ದರು. ಹಾಗಾಗಿ ಒಬ್ಬರಿಗೊಬ್ಬರು ಸಂಬಂಧವಿಲ್ಲದ ಎಷ್ಟೋ ಮನೆಗಳು ಇದೇ ಅಡ್ಡಹೆಸರಿಗೆ ಬಂದು ತಲುಪಿದವು. ಒಂದು ‘ಎಸ್’ ಇರುವ ಮೆಂಡೆಲ್ಸೋನ್, ಮೆಂಡೆಲ್ಸನ್, ಸ್ಲಾವಿಕ್ ಭಾಷೆಗಳ ಪ್ರತ್ಯಯ ಹೊತ್ತ ಮೆಂಡೆಲೋವಿಚ್ ಎಲ್ಲವೂ ಒಂದೇ ಬೇರಿನವು. ಯಹೂದಿಗಳು ವಲಸೆ ಹೋದಂತೆ ಇಂಗ್ಲೆಂಡ್, ಅಮೆರಿಕ, ಇಸ್ರೇಲ್‌ಗೂ ಈ ಹೆಸರುಗಳು ತಲುಪಿದವು. ಪಾಟ್ಸ್‌ಡಾಮ್‌ನ ಪ್ರಸಿದ್ಧ ಐನ್‌ಸ್ಟೈನ್ ಗೋಪುರವನ್ನು ವಿನ್ಯಾಸ ಮಾಡಿದ ವಾಸ್ತುಶಿಲ್ಪಿ ಎರಿಕ್ ಮೆಂಡೆಲ್ಸೋನ್ ಅವರದು ಒಂದು ‘ಎಸ್’ನ ಹೆಸರು. ಇನ್ನು ಬಟಾಣಿ ಗಿಡಗಳ ಮೇಲೆ ಪ್ರಯೋಗ ಮಾಡಿ ಅನುವಂಶೀಯತೆಯ ನಿಯಮ ಕಂಡುಹಿಡಿದ ಗ್ರೆಗರ್ ಮೆಂಡೆಲ್ ಯಹೂದಿಯೇ ಅಲ್ಲ, ಕ್ರೈಸ್ತ ಸನ್ಯಾಸಿ. ಅಡ್ಡಹೆಸರು ನೋಡಿ ಧರ್ಮ ಅಥವಾ ನೆಂಟಸ್ತಿಕೆ ಹೇಳಹೊರಟರೆ ಹೀಗೆ ಎಡವಬೇಕಾಗುತ್ತದೆ.

ಮಗ ಬೇಡವೆಂದ ಹೆಸರು

ಮೋಸೆಸ್ ಅವರ ಆರು ಮಕ್ಕಳಲ್ಲಿ ಯಹೂದಿಗಳಾಗಿ ಉಳಿದವರು ಹಿರಿಯ ಮಗ ಜೋಸೆಫ್ ಮತ್ತು ಮಗಳು ರೇಖಾ ಇಬ್ಬರೇ. ಹಿರಿಮಗಳು ಬ್ರೆಂಡೆಲ್ ಹೆಸರನ್ನೇ ಬದಲಿಸಿ ಡೊರೊಥಿಯಾ ಆದರು, ಲೇಖಕ ಫ್ರೀಡ್ರಿಕ್ ಶ್ಲೇಗೆಲ್ ಅವರನ್ನು ಮದುವೆಯಾಗಿ ಕ್ರೈಸ್ತರಾದರು. ಜೋಸೆಫ್ 1795ರಲ್ಲಿ ಬರ್ಲಿನ್‌ನಲ್ಲಿ ಬ್ಯಾಂಕ್ ತೆರೆದರು. ತಮ್ಮ ಅಬ್ರಹಾಂ ಅದರಲ್ಲಿ ಪಾಲುದಾರರಾದರು. ಮೆಂಡೆಲ್ಸೋನ್ ಬ್ಯಾಂಕ್ ಮುಂದೆ ಜರ್ಮನಿಯ ದೊಡ್ಡ ಖಾಸಗಿ ಬ್ಯಾಂಕುಗಳಲ್ಲಿ ಒಂದಾಯಿತು.

ಫೆಲಿಕ್ಸ್ ಈ ಅಬ್ರಹಾಂ ಅವರ ಮಗ. ಅಬ್ರಹಾಂ 1816ರಲ್ಲಿ ಮಕ್ಕಳಿಗೆ ಕ್ರೈಸ್ತ ದೀಕ್ಷೆ ಕೊಡಿಸಿದರು. 1822ರಲ್ಲಿ ದಂಪತಿಯೂ ದೀಕ್ಷೆ ಪಡೆದರು. ಜತೆಗೆ ಬಾರ್ಥೋಲ್ಡಿ ಎಂಬ ಹೆಸರು ಬಂತು. ಅಬ್ರಹಾಂ ಅವರ ಹೆಂಡತಿಯ ತಮ್ಮ ಮತಾಂತರವಾದಾಗ ಬರ್ಲಿನ್‌ನ ತಮ್ಮ ಕುಟುಂಬದ ತೋಟವೊಂದರ ಹಳೆಯ ಮಾಲೀಕರ ಹೆಸರನ್ನು ಇಟ್ಟುಕೊಂಡಿದ್ದರು. ಅದೇ ಹೆಸರು ಇದು. ಬಾರ್ಥೋಲ್ಡಿ ನಿಲ್ಲಲಿ, ಮೆಂಡೆಲ್ಸೋನ್ ಕ್ರಮೇಣ ಮರೆಯಾಗಲಿ ಎಂಬುದು ಅಬ್ರಹಾಂ ಲೆಕ್ಕಾಚಾರ.

1829ರಲ್ಲಿ 20 ವರ್ಷದ ಫೆಲಿಕ್ಸ್ ಲಂಡನ್‌ಗೆ ಹೋದಾಗ ತಂದೆ ಮಾಡಿಸಿಕೊಟ್ಟ ಕಾರ್ಡಿನಲ್ಲಿ ಮೆಂಡೆಲ್ಸೋನ್ ಬರೀ ‘ಎಂ’ ಆಗಿತ್ತು. ಆದರೆ ಲಂಡನ್ ಕಚೇರಿಗಳ ಕರಪತ್ರಗಳಲ್ಲಿ ಕಂಡದ್ದು ಮೆಂಡೆಲ್ಸೋನ್. ಬರ್ಲಿನ್‌ನಿಂದ ತಂದೆಯ ಉದ್ದನೆಯ ಪತ್ರ ಬಂತು. ತನ್ನ ತಂದೆ ಮೋಸೆಸ್ ಹೊಸ ಜಗತ್ತಿಗೆ ಕಾಲಿಟ್ಟಾಗ ಹೊಸ ಹೆಸರು ತೊಟ್ಟರು, ಹಾಗೆಯೇ ನೀನೂ ಮಾಡಬೇಕು ಎಂಬುದು ಅದರ ವಾದ. ಯಹೂದಿ ಕನ್ಫ್ಯೂಷಿಯಸ್ ಇರಲು ಹೇಗೆ ಸಾಧ್ಯವಿಲ್ಲವೋ ಹಾಗೆ ಕ್ರೈಸ್ತ ಮೆಂಡೆಲ್ಸೋನ್ ಇರಲೂ ಸಾಧ್ಯವಿಲ್ಲ ಎಂದು ಅಬ್ರಹಾಂ ಬರೆದರು. ಅಪ್ಪ ಮೋಸೆಸ್ ಹಳೆಯ ಹೆಸರನ್ನು ಬಿಟ್ಟಿರಲಿಲ್ಲ, ಎರಡನ್ನೂ ಇಟ್ಟುಕೊಂಡಿದ್ದರು ಎಂಬುದು ಆ ವಾದದಲ್ಲಿ ಜಾರಿಹೋಗಿತ್ತು.

ಫೆಲಿಕ್ಸ್ ತಂದೆಯ ಮೇಲೆ ಅಪಾರ ಗೌರವ ಇದ್ದವರು. ಕ್ರೈಸ್ತ ನಂಬಿಕೆಯನ್ನೂ ಮನಸಾರೆ ಒಪ್ಪಿದವರು. ಆದರೂ ಹೆಸರು ಬಿಡಲಿಲ್ಲ. ಕೊನೆಯವರೆಗೂ ಫೆಲಿಕ್ಸ್ ಮೆಂಡೆಲ್ಸೋನ್ ಬಾರ್ಥೋಲ್ಡಿ ಎಂದೇ ಸಹಿ ಹಾಕಿದರು. ಅಜ್ಜನ ಸಮಗ್ರ ಬರಹಗಳು 1840ರ ದಶಕದಲ್ಲಿ ಪ್ರಕಟವಾಗಲು ಅವರೂ ಓಡಾಡಿದರು. 1847ರಲ್ಲಿ, 38ನೇ ವಯಸ್ಸಿನಲ್ಲಿ ತೀರಿಕೊಂಡರು. 1858ರಲ್ಲಿ ಬ್ರಿಟಿಷ್ ರಾಣಿ ವಿಕ್ಟೋರಿಯಾ ಅವರ ಹಿರಿಮಗಳ ಮದುವೆಯಲ್ಲಿ ನುಡಿಸಿದ ಮೇಲೆ ಅವರ ‘ವೆಡ್ಡಿಂಗ್ ಮಾರ್ಚ್’ ಮದುವೆಗಳ ಖಾಯಂ ಸಂಗೀತವಾಯಿತು.

ಹೆಸರಿನ ಮೇಲೆ ಬಿದ್ದ ಕಣ್ಣು

ಮತ ಬದಲಿಸಿದರೂ, ಹೆಸರು ಬದಲಿಸಿದರೂ ದ್ವೇಷಿಸುವವರ ಲೆಕ್ಕ ಬದಲಾಗುವುದಿಲ್ಲ ಎಂಬುದು 20ನೇ ಶತಮಾನದಲ್ಲಿ ಗೊತ್ತಾಯಿತು. ನಾಜಿಗಳು ನೋಡಿದ್ದು ಅಜ್ಜ ಅಜ್ಜಿ ಯಾರೆಂಬುದನ್ನು. ಲೈಪ್‌ಜಿಗ್‌ನ ಸಂಗೀತ ಸಭಾಂಗಣದ ಮುಂದಿದ್ದ ಫೆಲಿಕ್ಸ್ ಪ್ರತಿಮೆಯನ್ನು 1936ರ ನವೆಂಬರ್‌ನಲ್ಲಿ, ಮೇಯರ್ ಗೊಯರ್ಡೆಲರ್ ಊರಲ್ಲಿಲ್ಲದ ಹೊತ್ತು ನೋಡಿ ಕೆಡವಿದರು. ಮೇಯರ್ ರಾಜೀನಾಮೆ ಕೊಟ್ಟರು. 1938ರಲ್ಲಿ ಮೆಂಡೆಲ್ಸೋನ್ ಬ್ಯಾಂಕ್ ಬಾಗಿಲು ಮುಚ್ಚಬೇಕಾಯಿತು. ಅದೇ ವರ್ಷದ ಆದೇಶವೊಂದು, ಹೆಸರಿನಿಂದಲೇ ಯಹೂದಿ ಎಂದು ತಿಳಿಯದ ಗಂಡಸರೆಲ್ಲ ಇಸ್ರೇಲ್, ಹೆಂಗಸರೆಲ್ಲ ಸಾರಾ ಎಂದು ಹೆಸರಿಗೆ ಸೇರಿಸಿಕೊಳ್ಳಬೇಕು ಎಂದಿತು. ನೂರೈವತ್ತು ವರ್ಷದ ಹಿಂದೆ ಜರ್ಮನ್ ಹೆಸರು ಇಟ್ಟುಕೊಳ್ಳಿ ಎಂದಿದ್ದ ಸರ್ಕಾರಿ ದಾಖಲೆ ಈಗ ಗುರುತು ಹಚ್ಚಲು ಇನ್ನೊಂದು ಹೆಸರು ಕೇಳುತ್ತಿತ್ತು. ಮೋಸೆಸ್ ಮಲಗಿದ್ದ ಬರ್ಲಿನ್‌ನ ಹಳೆಯ ಯಹೂದಿ ಸ್ಮಶಾನವನ್ನು 1943ರಲ್ಲಿ ಗೆಸ್ಟಾಪೊ ಹಾಳುಗೆಡವಿತು.

ಹೆಸರು ಮಾತ್ರ ಅಳಿಸಲಿಲ್ಲ. ಮೋಸೆಸ್ ಅವರ ತಮ್ಮ ಸೌಲ್ ಅವರ ವಂಶದ ಕರ್ಟ್ ಮೆಂಡೆಲ್ಸೋನ್ 1933ರಲ್ಲಿ ಜರ್ಮನಿ ಬಿಟ್ಟು ಆಕ್ಸ್‌ಫರ್ಡ್ ಸೇರಿ, ಬ್ರಿಟನ್‌ನಲ್ಲಿ ಮೊದಲ ಬಾರಿಗೆ ಹೀಲಿಯಂ ಅನಿಲವನ್ನು ದ್ರವವಾಗಿಸಿದರು. ಲೈಪ್‌ಜಿಗ್‌ನಲ್ಲಿ ಫೆಲಿಕ್ಸ್ ಪ್ರತಿಮೆಯ ಪ್ರತಿಕೃತಿ 2008ರಲ್ಲಿ ಮತ್ತೆ ಎದ್ದು ನಿಂತಿತು. ಬರ್ಲಿನ್‌ನ ಹಳೆಯ ಸ್ಮಶಾನದಲ್ಲಿ ಇಂದು ಹುಲ್ಲು, ಮರಗಳ ನಡುವೆ ಮೋಸೆಸ್ ನೆನಪಿನ ಕಲ್ಲೊಂದಿದೆ.

ಬರ್ಲಿನ್‌ನ ಯಹೂದಿ ವಸ್ತುಸಂಗ್ರಹಾಲಯದ ಎದುರಿನ ಚೌಕಕ್ಕೆ 2013ರಲ್ಲಿ ಹೆಸರಿಡುವಾಗ ಒಂದು ಚರ್ಚೆ ಎದ್ದಿತು. ಹೊಸ ರಸ್ತೆ, ಚೌಕಗಳಿಗೆ ಮಹಿಳೆಯರ ಹೆಸರಿಡಬೇಕೆಂಬುದು ಆ ಬಡಾವಣೆಯ ಸ್ಥಳೀಯ ಆಡಳಿತದ ನಿಯಮ. ಮೋಸೆಸ್ ಒಬ್ಬರ ಹೆಸರು ಸಾಲದು ಎಂಬ ಮಾತು ಬಂತು. ಕೊನೆಗೆ ಹೆಂಡತಿಯ ಹೆಸರನ್ನು ಮೊದಲಿಟ್ಟು ಫ್ರೋಮೆಟ್ ಮತ್ತು ಮೋಸೆಸ್ ಮೆಂಡೆಲ್ಸೋನ್ ಚೌಕ ಎಂದು ಕರೆದರು. ಬಾಗಿಲಲ್ಲಿ ಹೆಸರು ಬರೆಸಿ ಒಳಬರಬೇಕಾಗಿದ್ದ ಹುಡುಗನ ಹೆಸರು ಈಗ ಅದೇ ಊರಿನ ಬೀದಿಯ ಫಲಕದಲ್ಲಿದೆ. ಡೆಸ್ಸೌದ ಬಡ ಲಿಪಿಕಾರ ಮೆಂಡೆಲ್‌ನ ಹೆಸರೂ ಅದರೊಳಗೇ ಇದೆ.